ಎರೆಹುಳುವಿನ ಚರ್ಮ ಒಪ್ಪಬೇಕು

ಎರೆಹುಳುವಿಗೆ ಶ್ವಾಸಕೋಶವಿಲ್ಲ, ಕಿವಿರೂ ಇಲ್ಲ. ಅದು ಉಸಿರಾಡುವುದು ಚರ್ಮದಿಂದಲೇ. ಆ ಚರ್ಮ ತೇವವಾಗಿದ್ದರೆ ಮಾತ್ರ ಗಾಳಿಯಲ್ಲಿನ ಆಮ್ಲಜನಕ ಅದರಲ್ಲಿ ಕರಗಿ ರಕ್ತಕ್ಕೆ ಸೇರುತ್ತದೆ. ಒಣಗಿದರೆ ಹುಳು ಉಸಿರುಗಟ್ಟಿ ಸಾಯುತ್ತದೆ. ಹುಳು ವಾಸಿಸುವ ಹಾಸಿನಲ್ಲಿ ನೀರು ನಿಂತು ಗಾಳಿಯಾಡದೆ ಕೊಳೆತರೂ ಅದೇ ಗತಿ. ಮನೆಯಲ್ಲಿ ಎರೆಹುಳು ಸಾಕಬೇಕು ಅನ್ನುವವರು ಇದೊಂದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮಿಕ್ಕದ್ದೆಲ್ಲ ಅದರ ಹಿಂದೆಯೇ ಬರುತ್ತದೆ. ಯಾವ ಪಾತ್ರೆ, ಎಷ್ಟು ತೂತು, ಯಾವ ಹಾಸು, ಎಷ್ಟು ನೀರು, ಯಾವ ಸಿಪ್ಪೆ ಹಾಕಬಹುದು, ಯಾವುದು ಕೂಡದು? ಪ್ರತಿ ಸಲವೂ ಕೇಳಿಕೊಳ್ಳಬೇಕಾದದ್ದು ಒಂದೇ: ಈ ಚರ್ಮಕ್ಕೆ ಇದು ಒಗ್ಗುತ್ತದೆಯೇ?

ಇದನ್ನು ಬರೆಯಲು ಕಾರಣವಿದೆ. ಎರೆಗೊಬ್ಬರದ ವಿಷಯ ಎತ್ತಿದರೆ ಈಗ ಹೆಚ್ಚಿನವರು ಮೊದಲು ಕೇಳುವುದು ‘ಕಿಟ್ ಎಲ್ಲಿ ಸಿಗುತ್ತೆ?’ ಅಂತ. ಒಂದರ ಮೇಲೊಂದು ತಟ್ಟೆ, ಕೆಳಗೆ ನಲ್ಲಿ, ಚೆಂದದ ಮುಚ್ಚಳ, ಸಾವಿರಾರು ರೂಪಾಯಿ. ಅವು ಕೆಲಸ ಮಾಡುವುದಿಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಅಡುಗೆಮನೆಯ ಕಸ ಕಡಿಮೆ ಮಾಡಲು ಹೊರಟವರು ಮೊದಲ ಹೆಜ್ಜೆಯಾಗಿ ಹೊಸ ಪ್ಲಾಸ್ಟಿಕ್ ಕೊಂಡು ತರುವುದು ನನಗೆ ಸರಿ ಕಾಣುವುದಿಲ್ಲ. ಎರೆಹುಳುವಿಗೆ ಬೇಕಾದ ಕತ್ತಲೆ, ತೇವ, ಗಾಳಿ ಮೂರನ್ನೂ ಒದಗಿಸಬಲ್ಲ ಸಾಮಾನು ನಮ್ಮ ಮನೆಗಳ ಅಟ್ಟದ ಮೇಲೆ, ಬಾಲ್ಕನಿಯ ಮೂಲೆಯಲ್ಲಿ ಆಗಲೇ ಬಿದ್ದಿದೆ.

ನಾವಿರುವುದು ಬೆಂಗಳೂರಿನ ಒಂದು ಬಾಡಿಗೆ ಮನೆಯ ಎರಡನೇ ಮಹಡಿಯಲ್ಲಿ. ಊರು ಸಾಗರದ ಕಡೆ. ಅಲ್ಲಿನ ಮನೆಯಲ್ಲಿ ‘ಹಸಿ ಕಸ’ ಎಂಬ ಹೆಸರಿನ ವಸ್ತುವೇ ಇರಲಿಲ್ಲ. ತರಕಾರಿ ಸಿಪ್ಪೆ ಅಕ್ಕಚ್ಚಿನ ಜೊತೆ ದನದ ಬಾಯಿಗೆ, ದನ ಬಿಟ್ಟದ್ದು ಗೊಬ್ಬರದ ಗುಂಡಿಗೆ. ಕೊಟ್ಟಿಗೆಗೆ ಹಾಸಲು ಬೆಟ್ಟದಿಂದ ಸೊಪ್ಪು, ದರಕು (ಒಣಗಿದ ಎಲೆ). ಅದು ಸಗಣಿ-ಗಂಜಲದಲ್ಲಿ ನೆನೆದು ಮತ್ತೆ ಗುಂಡಿಗೆ. ಆ ಗುಂಡಿಯ ಅಂಚಿನಲ್ಲಿ ಕೈಹಾಕಿ ಸೊಪ್ಪಿನ ಪದರ ಎತ್ತಿದರೆ ನೇರಳೆ ಮಿಂಚಿನ ತೆಳ್ಳನೆಯ ಹುಳುಗಳು ಗುಂಪುಗುಂಪಾಗಿ ಕಾಣುತ್ತಿದ್ದವು. ಯಾರೂ ತಂದು ಬಿಟ್ಟದ್ದಲ್ಲ, ಸಾಕಿದ್ದೂ ಅಲ್ಲ.

ಇಲ್ಲಿ ಅದೇ ಸಿಪ್ಪೆ ಗಾಡಿ ಹತ್ತಿ ಹೋಗುತ್ತದೆ. ಹೋಗುವುದು ಯಾರದೋ ಊರಿಗೆ. ಮಾವಳ್ಳಿಪುರದ ಜನ ವರ್ಷಗಟ್ಟಲೆ ಈ ನಗರದ ಕಸದ ನಾತ ಕುಡಿದರು. ಮಂಡೂರಿನವರು 2014ರಲ್ಲಿ ರಸ್ತೆಗಿಳಿದ ಮೇಲೆ ಅಲ್ಲಿ ಸುರಿಯುವುದು ನಿಂತಿತು, ಆಮೇಲೆ ಬೇರೆ ಹಳ್ಳಿಗಳ ಕಲ್ಲುಕ್ವಾರಿಗಳ ಸರದಿ. 2015ರ ಕೊನೆಯಲ್ಲಿ ಹೈಕೋರ್ಟ್ ಆದೇಶದಿಂದ ‘ಎರಡು ಬುಟ್ಟಿ, ಒಂದು ಚೀಲ’ ಬಂತು. ಹಸಿ, ಒಣ, ಅಪಾಯದ ಕಸ ಬೇರೆಬೇರೆ. ಬೇರೆ ಮಾಡುವುದು ಒಳ್ಳೆಯದೇ. ಆದರೆ ಬಾಳೆಹಣ್ಣಿನ ಸಿಪ್ಪೆ ಲಾರಿಯಲ್ಲಿ ಮೂವತ್ತು ಕಿಲೋಮೀಟರ್ ಪಯಣಿಸಬೇಕಾದ ಅಗತ್ಯವೇ ಇಲ್ಲ ಅನ್ನುವುದು ನನ್ನ ಮಾತು.

ಪಾತ್ರೆಯಿಂದ ಶುರುಮಾಡೋಣ. ಸಿಪ್ಪೆ ತಿನ್ನುವ ಎರೆಹುಳುಗಳು ಮೇಲ್ಪದರದಲ್ಲಿ ಬದುಕುವ ಜಾತಿಯವು. ಆಳಕ್ಕೆ ಇಳಿಯುವುದಿಲ್ಲ. ಹಾಗಾಗಿ ಎತ್ತರದ ಡ್ರಮ್ಮಿಗಿಂತ ಅಗಲವಾದ, ಒಂದು ಅಡಿ ಆಳದ ಪಾತ್ರೆ ಮೇಲು. ಆಳ ಹೆಚ್ಚಾದಷ್ಟೂ ತಳದಲ್ಲಿ ಗಾಳಿ ಇಲ್ಲದೆ ಕೊಳೆತು ನಾರುತ್ತದೆ. ನನ್ನ ಕಣ್ಣಿಗೆ ಬಿದ್ದದ್ದು ಮಗಳು ಕೂಸಾಗಿದ್ದಾಗ ಮೀಯಿಸುತ್ತಿದ್ದ ಟಬ್ಬು. ಒಂದು ಬದಿ ಸೀಳಿತ್ತು, ನೀರು ನಿಲ್ಲುತ್ತಿರಲಿಲ್ಲ. ನೀರು ನಿಲ್ಲದ ಟಬ್ಬೇ ಬೇಕಾಗಿತ್ತು! ಪಕ್ಕದ ಮನೆಯವರ ಡ್ರಿಲ್ ಇಸಿದುಕೊಂಡು ತಳಕ್ಕೆ ಐದಾರು ಮಿಲಿಮೀಟರಿನ ತೂತುಗಳನ್ನು ಗೇಣಿಗೆರಡರಂತೆ ಕೊರೆದೆ. ಅಂಚಿನಿಂದ ನಾಲ್ಕು ಬೆರಳು ಕೆಳಗೆ ಸುತ್ತಲೂ ಇನ್ನೊಂದು ಸಾಲು, ಅದು ಗಾಳಿಗೆ. ಕಾಯಿಸಿದ ಮೊಳೆಯಲ್ಲೂ ತೂತು ಮಾಡಬಹುದು. ಆದರೆ ಪ್ಲಾಸ್ಟಿಕ್ ಸುಟ್ಟ ಹೊಗೆ ಬಹಳ ಕೆಟ್ಟದ್ದು, ಬಯಲಲ್ಲಿ ಮಾಡಿ. ತಳಕ್ಕೆ ಹರಿದ ಸೊಳ್ಳೆಪರದೆಯನ್ನು ಎರಡು ಮಡಿಕೆ ಮಾಡಿ ಹಾಸಿದೆ. ನೀರು ಇಳಿಯುತ್ತದೆ, ಹುಳು ಇಳಿಯುವುದಿಲ್ಲ.

ಟಬ್ಬೇ ಆಗಬೇಕೆಂದಿಲ್ಲ. ಗೋಡೆಯ ಡಿಸ್ಟೆಂಪರ್ ತಂದ ಇಪ್ಪತ್ತು ಲೀಟರಿನ ಬಕೆಟ್ಟನ್ನು ಚೆನ್ನಾಗಿ ತೊಳೆದು ಅರ್ಧ ಮಟ್ಟದವರೆಗೆ ಮಾತ್ರ ತುಂಬಿಸಿ ಬಳಸಬಹುದು. ಬಿರುಕುಬಿಟ್ಟ ಮಣ್ಣಿನ ಮಡಕೆ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ, ಗೋಡೆಯೇ ಗಾಳಿಯಾಡುತ್ತದೆ, ನೀರು ಒಸರಿ ಆರುವುದರಿಂದ ಒಳಗೆ ತಂಪು. ರಾಯಚೂರು, ಕಲಬುರಗಿಯ ಬೇಸಿಗೆಗೆ ನಾನು ಹೇಳುವುದು ಮಡಕೆಯನ್ನೇ. ಉಷ್ಣತೆ 35 ಡಿಗ್ರಿ ದಾಟಿದರೆ ಹುಳುಗಳು ಕಂಗಾಲಾಗುತ್ತವೆ. ಅಲ್ಲಿ ಮಡಕೆ, ಅದರ ಮೇಲೆ ಒದ್ದೆ ಗೋಣಿತಾಟು, ನೆರಳು ಮೂರೂ ಬೇಕೇ ಬೇಕು. ಮೀನು ಬರುವ ಥರ್ಮೊಕೋಲ್ ಪೆಟ್ಟಿಗೆ ಬಿಸಿಲು ತಡೆಯುವುದೇನೋ ನಿಜ, ಆದರೆ ಕಾಲಕ್ರಮೇಣ ಉದುರಿ ಬಿಳಿ ಗುಳ್ಳೆಗಳು ಗೊಬ್ಬರಕ್ಕೆ ಸೇರುತ್ತವೆ. ಅದು ಮಣ್ಣಿಗೆ ಹೋಗುವುದು ನನಗೆ ಇಷ್ಟವಿಲ್ಲ. ಕೀಟನಾಶಕ, ಫಿನಾಯಿಲ್, ಆ್ಯಸಿಡ್ ಇದ್ದ ಕ್ಯಾನುಗಳ ಸಹವಾಸವೇ ಬೇಡ.

ತಾಮ್ರದ ಹಂಡೆಯ ಬಗ್ಗೆ ಬೇರೆಯಾಗಿಯೇ ಹೇಳಬೇಕು. ನಮ್ಮ ಕಡೆಯ ಹಳೆಯ ಮನೆಗಳ ಅಟ್ಟದಲ್ಲಿ ತೂತಾದ ಹಂಡೆಯೊಂದು ಇದ್ದೇ ಇರುತ್ತದೆ. ಅಗಲ, ಆಕಾರ ಎಲ್ಲ ಸರಿ, ತೂತೂ ಆಗಲೇ ಬಿದ್ದಿದೆ. ಆದರೂ ಕೂಡದು. ತಾಮ್ರ ಎರೆಹುಳುವಿಗೆ ವಿಷ. ಕೊಳೆಯುವ ಸಿಪ್ಪೆಯ ಹುಳಿಗೆ ತಾಮ್ರ ಸ್ವಲ್ಪಸ್ವಲ್ಪವೇ ಕರಗುತ್ತದೆ, ಆ ಒದ್ದೆ ಚರ್ಮಕ್ಕೆ ತಾಗುತ್ತದೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಇರುವುದೂ ಅದೇ: ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಮತ್ತು ಸುಣ್ಣ. ವರ್ಷಗಟ್ಟಲೆ ತಾಮ್ರದ ಔಷಧಿ ಬಿದ್ದ ಹಣ್ಣಿನ ತೋಟಗಳಲ್ಲಿ ಎರೆಹುಳು ಕಡಿಮೆಯಾಗುವುದನ್ನು ಹಲವು ದೇಶಗಳಲ್ಲಿ ಕಂಡಿದ್ದಾರೆ. ಔಷಧಿ ಹೊಡೆದ ತೋಟದ ಹಾಳೆ, ಸೋಗೆಗಳನ್ನು ಹಾಸು ಮಾಡಲು ತರುವಾಗಲೂ ಇದು ನೆನಪಿರಲಿ.

ಹಾಸು ಅಂದರೆ ಹುಳುವಿನ ಮನೆ. ಸಿಪ್ಪೆ ಅಂದರೆ ಊಟ. ಊಟದ ರಾಶಿಯಲ್ಲೇ ಹುಳುವನ್ನು ಬಿಟ್ಟರೆ ಅದು ನಿಲ್ಲುವುದಿಲ್ಲ. ಆನ್‌ಲೈನಿನಲ್ಲಿ ತರಿಸಿದ ಸಾಮಾನಿನ ಜೊತೆ ಬರುವ ರಟ್ಟಿನ ಪೆಟ್ಟಿಗೆ ಈ ಕೆಲಸಕ್ಕೆ ಬಹಳ ಚೆನ್ನ. ಟೇಪು, ವಿಳಾಸದ ಚೀಟಿ ಕಿತ್ತು, ನೀರಲ್ಲಿ ನೆನೆಸಿ, ಬೆರಳಗಲ ಹರಿಯಬೇಕು. ರಟ್ಟಿನ ಮಧ್ಯೆ ಇರುವ ಅಲೆಯಂಥ ಪದರದೊಳಗೆ ಮರಿಹುಳುಗಳು ಸಾಲಾಗಿ ಸೇರಿಕೊಂಡಿರುತ್ತವೆ, ಬಿಡಿಸಿ ನೋಡಿದರೆ ಕಾಣುತ್ತದೆ. ಮೊಟ್ಟೆಯ ಟ್ರೇ ಇನ್ನೂ ಬೇಗ ನೀರು ಹೀರುತ್ತದೆ. ದಿನಪತ್ರಿಕೆ ಆಗಬಹುದು, ಹೊಳಪಿನ ಪುರವಣಿ ಬೇಡ. ತೆಂಗಿನ ನಾರನ್ನು ಒಂದೆರಡು ಸಲ ತೊಳೆದು ಹಾಕಿದರೆ ಉಪ್ಪಿನ ಅಂಶ ಹೋಗುತ್ತದೆ. ಒಣ ಎಲೆ ಬೇಕಾದಷ್ಟು ಹಾಕಿ, ಬೇವು ಮತ್ತು ನೀಲಗಿರಿ ಬಿಟ್ಟು. ಇದಕ್ಕೆಲ್ಲ ಹದಿನೈದು ದಿನ ಹಳೆಯ ಸಗಣಿಯನ್ನು ಕದಡಿ ಬೆರೆಸಬೇಕು. ಹಸಿ ಸಗಣಿ ಕೊಳೆಯುವಾಗ ಕಾವೇರುತ್ತದೆ, ಹುಳು ಬೆಂದುಹೋಗುತ್ತದೆ. ಒಂದು ಹಿಡಿ ತೋಟದ ಮಣ್ಣೂ ಬೇಕು. ಹುಳುವಿಗೆ ಹಲ್ಲಿಲ್ಲ, ತಿಂದದ್ದನ್ನು ಹೊಟ್ಟೆಯೊಳಗಿನ ಗಿರಣಿಯಲ್ಲಿ ಮರಳಿನ ಕಣದ ಸಹಾಯದಿಂದ ಅರೆದುಕೊಳ್ಳುತ್ತದೆ.

ಹಾಸನ್ನು ಮುಷ್ಟಿಯಲ್ಲಿ ಹಿಂಡಿ ನೋಡಿ. ಒಂದೆರಡು ಹನಿ ಬಿದ್ದರೆ ಹದ. ಧಾರೆಯಾಗಿ ಸುರಿದರೆ ಒಣ ರಟ್ಟು ಸೇರಿಸಿ, ಏನೂ ಬೀಳದಿದ್ದರೆ ನೀರು ಚಿಮುಕಿಸಿ.

ಒಂದು ಹಳೆಯ ಹತ್ತಿಯ ಪಂಚೆಯನ್ನು ಮೇಲ್ಹೊದಿಕೆಯಾಗಿ ಹಾಕಿದ್ದೆ. ಕೆಲವು ತಿಂಗಳು ಕಳೆದ ಮೇಲೆ ಪಂಚೆ ಇಲ್ಲ. ಅಂಚಿನ ಹಸಿರು ಪಟ್ಟಿ ಮಾತ್ರ ಒಂದು ದಾರದಂತೆ ಟಬ್ಬಿನ ಸುತ್ತ ಉಳಿದಿತ್ತು. ಅದು ಪಾಲಿಯೆಸ್ಟರ್. ಎಳೆಎಳೆಯಾಗಿ ಬಿಡಿಸಿ ನೋಡಿದೆ, ಬಣ್ಣ ಕೂಡ ಮಾಸಿರಲಿಲ್ಲ. ಅವತ್ತಿನಿಂದ ಬಟ್ಟೆ ಹಾಕುವ ಮೊದಲು ಅಂಚು, ಹೊಲಿಗೆಯ ದಾರ, ಇಲಾಸ್ಟಿಕ್ ಕತ್ತರಿಸಿ ತೆಗೆಯುತ್ತೇನೆ. ಈಗ ಮೇಲೆ ಹೊದಿಸಿರುವುದು ಅಕ್ಕಿಯ ಗೋಣಿತಾಟು, ಸೆಣಬಿನದು. ಅದನ್ನೂ ಹುಳುಗಳು ನಿಧಾನಕ್ಕೆ ತಿನ್ನುತ್ತಿವೆ.

ಇನ್ನು ಹುಳು. ತೋಟ ಅಗೆದಾಗ ಸಿಗುವ ಹುಳುವನ್ನು ತಂದು ಬಿಟ್ಟರೆ ಆಗದೇ ಅಂತ ಬಹಳ ಜನ ಕೇಳುತ್ತಾರೆ. ಆಗುವುದಿಲ್ಲ. ಅವು ಹೆಚ್ಚಾಗಿ ಮಣ್ಣಿನೊಳಗೆ ಬಿಲ ಮಾಡಿ, ಮಣ್ಣನ್ನೇ ತಿಂದು ಬದುಕುವ ಜಾತಿಗಳು. ಸಿಪ್ಪೆ-ರಟ್ಟಿನ ಪೆಟ್ಟಿಗೆಯಲ್ಲಿ ಅವಕ್ಕೆ ಬದುಕಿಲ್ಲ. ಅವನ್ನು ಅಲ್ಲೇ ಬಿಡಿ, ಅಲ್ಲಿ ಅವುಗಳ ಕೆಲಸವಿದೆ. ಗೊಬ್ಬರಕ್ಕೆ ನಮ್ಮಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಆಫ್ರಿಕಾ ಮೂಲದ ಯುಡ್ರಿಲಸ್ ಯುಜೀನಿಯೆ. ಉದ್ದ, ದಪ್ಪ, ತಿನ್ನುವುದೂ ಬಲು ಚುರುಕು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಾ. ರಾಧಾ ಕಾಳೆ ಅವರು ಎರೆಗೊಬ್ಬರದ ಮೇಲೆ ಮಾಡಿದ ದೀರ್ಘ ಕೆಲಸದಲ್ಲಿ ಈ ಹುಳುವಿಗೆ ದೊಡ್ಡ ಪಾಲಿದೆ. ಯುರೋಪಿನ ಕೆಂಪು ಹುಳು ಐಸೀನಿಯಾ ಫೆಟಿಡಾ ಕೂಡ ಸಿಗುತ್ತದೆ. ಚೆನ್ನೈನ ಎರೆಹುಳು ವಿಜ್ಞಾನಿ ಡಾ. ಸುಲ್ತಾನ್ ಇಸ್ಮಾಯಿಲ್ ಅವರು ಸ್ಥಳೀಯ ಹುಳುಗಳ ಪರವಾಗಿ ದಶಕಗಳಿಂದ ಮಾತಾಡುತ್ತ ಬಂದವರು. ನಾನು ಅವರ ಪಕ್ಷ. ನಮ್ಮ ಗೊಬ್ಬರದ ಗುಂಡಿಯ ನೇರಳೆ ಹುಳು, ಪೆರಿಯೋನಿಕ್ಸ್ ಎಕ್ಸ್‌ಕವೇಟಸ್, ಈ ನೆಲದ್ದೇ. ಅದು ಕೈಯೆಟುಕಲ್ಲಿ ಇರುವಾಗ ಬೇರೆಲ್ಲಿಂದಲೋ ಯಾಕೆ ತರಬೇಕು? ದಕ್ಷಿಣ ಅಮೆರಿಕದ ಪಾಂಟೋಸ್ಕೋಲೆಕ್ಸ್ ಎಂಬ ಮಣ್ಣುಹುಳು ಪಶ್ಚಿಮ ಘಟ್ಟದ ತೋಟಗಳಲ್ಲೆಲ್ಲ ಹಬ್ಬಿ ಕೂತಿರುವುದನ್ನು ನೋಡಿದರೆ, ಕಾಡಿನಂಚಿನ ಊರುಗಳಿಗೆ ಹೊರಗಿನ ಹುಳು ಒಯ್ಯುವವರು ಸ್ವಲ್ಪ ಯೋಚಿಸಬೇಕು ಅನ್ನಿಸುತ್ತದೆ.

ಅಮ್ಮ ಗುಂಡಿಯ ಅಂಚಿನಿಂದ ಸಗಣಿ ಸಮೇತ ಎರಡು ಬೊಗಸೆ ಹುಳು ತೆಗೆದು, ಅಡಿಕೆ ಹಾಳೆಯ ಕೊಟ್ಟೆ ಮಾಡಿ, ಬಾಳೆನಾರಿನಲ್ಲಿ ಕಟ್ಟಿ ಕೊಟ್ಟರು. ರಾತ್ರಿ ಬಸ್ಸಿನಲ್ಲಿ ಕಾಲ ಬಳಿ ಇಟ್ಟುಕೊಂಡು ತಂದೆ. ಹಾಳೆ ತಂಪಾಗಿಯೇ ಇತ್ತು. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿದು ತಂದರೆ ಅರ್ಧ ದಾರಿಯಲ್ಲೇ ಉಸಿರುಗಟ್ಟುತ್ತವೆ. ಊರಿನ ನೆಂಟಸ್ತಿಕೆ ಇಲ್ಲದವರು ಎರೆಗೊಬ್ಬರ ಮಾಡುವ ಯಾರನ್ನಾದರೂ ಕೇಳಿ, ಇಲ್ಲವೇ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಹೊಸ ಜಾಗದಲ್ಲಿ ಮೊದಲ ಕೆಲವು ರಾತ್ರಿ ಅವು ಹೊರಟುಬಿಡಲು ನೋಡುತ್ತವೆ. ಈ ನೇರಳೆ ಹುಳುಗಳಿಗಂತೂ ಮಳೆ ಬರುವ ಮುನ್ನ ಗೋಡೆ ಹತ್ತುವ ಚಾಳಿ. ಟಬ್ಬಿನ ಮೇಲೊಂದು ದೀಪ ಉರಿಸಿಟ್ಟರೆ ಕೆಳಗೇ ಇರುತ್ತವೆ. ಕಣ್ಣಿಲ್ಲದಿದ್ದರೂ ಬೆಳಕು ಅವುಗಳ ಚರ್ಮಕ್ಕೆ ತಿಳಿಯುತ್ತದೆ. ಅದುರುವಿಕೆಯೂ ತಿಳಿಯುತ್ತದೆ. ಚಾರ್ಲ್ಸ್ ಡಾರ್ವಿನ್ ತಮ್ಮ ಕೊನೆಯ ವರ್ಷಗಳಲ್ಲಿ ಮಣ್ಣು ತುಂಬಿದ ಕುಂಡಗಳಲ್ಲಿ ಎರೆಹುಳು ಸಾಕಿ, ಓದುವ ಕೋಣೆಯಲ್ಲೇ ಇಟ್ಟುಕೊಂಡು ನೋಡುತ್ತಿದ್ದರು. ಹತ್ತಿರದಲ್ಲಿ ಪಿಯಾನೊ ಎಷ್ಟು ಜೋರಾಗಿ ನುಡಿಸಿದರೂ ಹುಳುಗಳು ಅಲುಗಲಿಲ್ಲ. ಎರಡು ಹುಳುಗಳಿದ್ದ ಕುಂಡಗಳನ್ನು ಪಿಯಾನೊದ ಮೇಲೆಯೇ ಇಟ್ಟು ಒಂದು ತಗ್ಗಿನ ಸ್ವರ ಒತ್ತಿದ ಕೂಡಲೇ ಎರಡೂ ಬಿಲದೊಳಗೆ ಸೇರಿದವು. ಸದ್ದು ಕೇಳಿಸದು, ಕಂಪನ ಚರ್ಮಕ್ಕೆ ತಟ್ಟುತ್ತದೆ. 1881ರಲ್ಲಿ ಬಂದ ಅವರ ಎರೆಹುಳು ಪುಸ್ತಕದಲ್ಲಿ ಇದೆಲ್ಲ ಇದೆ. ಇದನ್ನು ಓದಿದ ಮೇಲೆ ವಾಷಿಂಗ್ ಮೆಷಿನ್ ಪಕ್ಕ ಟಬ್ಬು ಇಡುವ ಯೋಚನೆ ಬಿಟ್ಟೆ. ಯುಟಿಲಿಟಿಯ ಆಚೆ ಮೂಲೆಯಲ್ಲಿ, ಕಾಲು ಸಡಿಲವಾದ ಹಳೆಯ ಸ್ಟೂಲಿನ ಮೇಲೆ ಈಗ ಅದರ ವಾಸ. ಸ್ಟೂಲಿನ ನಾಲ್ಕೂ ಕಾಲುಗಳು ನೀರು ತುಂಬಿದ ತೆಂಗಿನ ಕರಟದಲ್ಲಿ ನಿಂತಿವೆ, ಇರುವೆ ಹತ್ತದಿರಲಿ ಅಂತ. ಕರಟದ ನೀರನ್ನು ವಾರಕ್ಕೊಮ್ಮೆಯಾದರೂ ಚೆಲ್ಲಿ ಹೊಸದು ಹಾಕಲೇಬೇಕು. ನಿಂತ ನೀರಿನಲ್ಲಿ ಡೆಂಗಿ ಸೊಳ್ಳೆ ಹುಟ್ಟಿದರೆ ಅದು ನಮ್ಮ ಮನೆಗೆ ಮಾತ್ರ ತೊಂದರೆಯಲ್ಲ.

ಊಟದ ವಿಷಯದಲ್ಲಿ ಒಂದು ಮಾತು ತಿಳಿದಿರಬೇಕು. ಹುಳು ತಿನ್ನುವುದು ಹಸಿ ಸಿಪ್ಪೆಯನ್ನಲ್ಲ. ಕೊಳೆಯಲು ತೊಡಗಿದ ಸಿಪ್ಪೆಯನ್ನು, ಅದರ ಮೇಲೆ ಬೆಳೆದ ಸೂಕ್ಷ್ಮಜೀವಿಗಳನ್ನು. ಆದ್ದರಿಂದ ಹಾಕಿದ ಮರುದಿನವೇ ಖಾಲಿಯಾಗಲಿಲ್ಲ ಅಂತ ಕಳವಳ ಪಡಬೇಡಿ. ಚೆನ್ನಾಗಿ ಹೊಂದಿಕೊಂಡ ಮೇಲೆ ದಿನಕ್ಕೆ ತಮ್ಮ ತೂಕದ ಅರ್ಧದಷ್ಟು ತಿನ್ನಬಲ್ಲವು. ಶುರುವಿನಲ್ಲಿ ಅದರ ಅರ್ಧ ಕೊಟ್ಟರೆ ಸಾಕು. ಸಣ್ಣಗೆ ಹೆಚ್ಚಿ, ಹಾಸಿನ ಒಂದು ಮೂಲೆಯಲ್ಲಿ ಹೂತು, ಮುಂದಿನ ಸಲ ಪಕ್ಕದ ಮೂಲೆ. ಬಾಳೆಹಣ್ಣಿನ ಸಿಪ್ಪೆ, ಸೋರೆ, ಕುಂಬಳದ ತಿರುಳು, ಕೊತ್ತಂಬರಿ ಬೇರು, ಪಪಾಯಿ ಸಿಪ್ಪೆ ಬಹಳ ಇಷ್ಟ. ಫಿಲ್ಟರಿನ ಕಾಫಿ ಚರಟ ಮಿತವಾಗಿ. ಹಲಸಿನ ಕಾಲದಲ್ಲಿ ರಚ್ಚೆ ಹಾಕಿದ ಜಾಗದಲ್ಲಿ ಹುಳುಗಳು ಮುದ್ದೆಗಟ್ಟಿ ಸೇರಿರುತ್ತವೆ, ಆ ಸಂಭ್ರಮ ನೋಡಬೇಕು. ನುಗ್ಗೆಯ ಸಿಪ್ಪೆ, ಕರಿಬೇವಿನ ಕಡ್ಡಿ ತಿಂಗಳಾದರೂ ಹಾಗೆಯೇ. ದೇವರ ಹೂವನ್ನು ದಾರ ಬಿಚ್ಚಿ ಹಾಕಬಹುದು, ಅಂಗಡಿಯ ಹೂವಾದರೆ ತೊಳೆದು.

ಬೇಡದವು: ನಿಂಬೆ ಹೋಳು, ಹುಣಸೆ ಗಷ್ಟು, ಹಸಿಮೆಣಸು, ಉಪ್ಪಿನಕಾಯಿ, ಉಳಿದ ಸಾರು, ಎಣ್ಣೆ ಹಾಕಿದ ಪಲ್ಯ, ಮೊಸರನ್ನ, ಮಾಂಸ. ಹುಳಿ, ಖಾರ, ಉಪ್ಪು ಈ ಮೂರೂ ಬರಿಯ ಚರ್ಮವನ್ನು ಸುಡುತ್ತವೆ. ಉಪ್ಪಂತೂ ಮೈಯ ನೀರನ್ನೇ ಹೀರಿಬಿಡುತ್ತದೆ. ಮೊಟ್ಟೆಚಿಪ್ಪನ್ನು ಒಣಗಿಸಿ ಪುಡಿಮಾಡಿ ಆಗಾಗ ಉದುರಿಸಿದರೆ ಹಾಸಿನ ಹುಳಿ ತಗ್ಗುತ್ತದೆ. ಇಷ್ಟಾದರೂ ಒಂದು ಟಬ್ಬು ನಾಲ್ಕು ಜನರ ಮನೆಯ ಎಲ್ಲ ಹಸಿ ಕಸವನ್ನೂ ಮುಗಿಸುತ್ತದೆ ಎಂದು ನಾನು ಯಾರಿಗೂ ಭರವಸೆ ಕೊಡುವುದಿಲ್ಲ. ನಿಂಬೆ, ಮೆಣಸು, ಉಳಿದ ಅನ್ನಕ್ಕೆ ಬೇರೆ ಕಾಂಪೋಸ್ಟ್ ಮಡಕೆ ಬೇಕು.

ಏನಾದರೂ ಎಡವಟ್ಟಾದರೆ ಟಬ್ಬೇ ಹೇಳುತ್ತದೆ. ಇರುವೆ ಬಂತೆಂದರೆ ಒಣಗಿದೆ. ಕೊಳೆತ ಮೊಟ್ಟೆಯ ನಾತ ಬಂತೆಂದರೆ ನೀರು ಜಾಸ್ತಿ, ಊಟವೂ ಜಾಸ್ತಿ. ಕೈಯಲ್ಲಿ ಮೆಲ್ಲಗೆ ಸಡಿಲಿಸಿ ಒಣ ರಟ್ಟು ಸೇರಿಸಿ. ಹಣ್ಣಿನ ನೊಣ ಎದ್ದರೆ ಸಿಪ್ಪೆ ಹೂಳದೆ ಮೇಲೇ ಬಿಟ್ಟಿದ್ದೀರಿ. ದಪ್ಪನೆಯ ಬೂದು ಮರಿಹುಳ ಕಂಡು ಹೆದರುವವರಿದ್ದಾರೆ. ಅದು ಕಪ್ಪು ಸೈನಿಕ ನೊಣದ ಮರಿ, ಎರೆಹುಳುವನ್ನು ತಿನ್ನುವುದಿಲ್ಲ, ಊಟಕ್ಕೆ ಪಾಲುದಾರ ಅಷ್ಟೇ. ಆದರೆ ಜರಿ ಕಂಡರೆ ತೆಗೆದು ದೂರ ಬಿಡಿ, ಅದು ಬೇಟೆಗಾರ.

ತಳದಿಂದ ತೊಟ್ಟಿಕ್ಕುವ ಕಂದು ನೀರನ್ನು ಎರೆಜಲ ಅಂತ ಬಾಟಲಿಗೆ ತುಂಬಿಕೊಳ್ಳುವವರನ್ನು ಕಂಡಿದ್ದೇನೆ. ನಿಜವಾದ ಎರೆಜಲ ತೆಗೆಯುವುದು ಚೆನ್ನಾಗಿ ಹುಳು ಆಡಿದ, ಹದವಾದ ಹಾಸಿನ ಮೂಲಕ ಶುದ್ಧ ನೀರನ್ನು ಹನಿಹನಿಯಾಗಿ ಇಳಿಸಿ. ಇದು ಹೆಚ್ಚಾಗಿ ಅರೆಕೊಳೆತ ಸಿಪ್ಪೆಯ ರಸ. ನಾತವಿಲ್ಲದಿದ್ದರೆ ಹತ್ತು ಪಾಲು ನೀರು ಬೆರೆಸಿ ಹೂವಿನ ಗಿಡಕ್ಕೆ ಹಾಕುತ್ತೇನೆ, ಹಸಿಯಾಗಿ ತಿನ್ನುವ ಸೊಪ್ಪಿಗೆ ಹಾಕುವುದಿಲ್ಲ. ಹೆಚ್ಚು ತೊಟ್ಟಿಕ್ಕುತ್ತಿದೆ ಎಂದರೆ ನೀರು ಮಿತಿಮೀರಿದೆ ಎಂದೇ ಅರ್ಥ.

ಹುಳುಗಳಿಗೆ ಜಾಗ ಒಪ್ಪಿದೆಯೇ ಎಂದು ತಿಳಿಯುವುದು ಮೊಟ್ಟೆಕೋಶದಿಂದ. ಪ್ರತಿ ಹುಳುವೂ ಗಂಡೂ ಹೌದು ಹೆಣ್ಣೂ ಹೌದು, ಆದರೂ ಸಾಮಾನ್ಯವಾಗಿ ಎರಡು ಕೂಡಿಯೇ ಸಂತಾನ. ಕತ್ತಿನ ಬಳಿಯ ಉಂಗುರದಂಥ ಭಾಗದಿಂದ ಕೋಶ ಜಾರಿ ಬೀಳುತ್ತದೆ. ಸಾಸಿವೆಗಿಂತ ದೊಡ್ಡದು, ಕಾಳುಮೆಣಸಿಗಿಂತ ಸಣ್ಣದು. ಬೆಳಕಿಗೆ ಹಿಡಿದರೆ ಒಳಗೆ ಎಳೆಯಂತೆ ಮಿಸುಕುವ ಮರಿ ಕಾಣುವುದೂ ಉಂಟು. ಜಾತಿಯನ್ನು ನೋಡಿ ಒಂದೋ, ಎರಡು ಮೂರೋ ಮರಿ, ಸುಮಾರು ಮೂರು ವಾರಕ್ಕೆ ಹೊರಗೆ. ಮತ್ತೆ ಒಂದೂವರೆ ಎರಡು ತಿಂಗಳಲ್ಲಿ ಅವೂ ಕೋಶ ಇಡುತ್ತವೆ. ಸ್ಟೂಲಿನ ಬಳಿ ಕೂತು ರಟ್ಟಿನ ತುಂಡೊಂದನ್ನು ಬಿಡಿಸಿದಾಗ ಮೊದಲ ಕೋಶ ಕಂಡು ನಾನು ಮಗಳನ್ನು ಕೂಗಿ ಕರೆದೆ. ಅವಳು ಅಂಗೈಯಲ್ಲಿ ಇಟ್ಟುಕೊಂಡು, ಉಸಿರು ತಾಗದಂತೆ ಮುಖ ಓರೆಮಾಡಿ ನೋಡಿದಳು, ಅದೇ ಜಾಗಕ್ಕೆ ಮರಳಿ ಇಟ್ಟಳು.

ಎರಡು ಮೂರು ತಿಂಗಳಿಗೆ ಹಾಸು ಕಪ್ಪಾಗಿ, ಟೀಪುಡಿಯ ಹಾಗೆ ಕಾಳುಕಾಳಾಗುತ್ತದೆ. ತೆಗೆಯುವ ವಿಧಾನ ಸುಲಭ. ಹಳೆಯ ಚಾಪೆ ಹಾಸಿ, ಬಿಸಿಲು ನೇರವಾಗಿ ಬೀಳದ ಬೆಳಕಿನಲ್ಲಿ ಅದನ್ನು ಪುಟ್ಟ ಗುಡ್ಡೆಗಳಾಗಿ ಇಡಿ. ಬೆಳಕಿಗೆ ಹುಳುಗಳು ಒಳಕ್ಕೆ ಇಳಿಯುತ್ತವೆ. ಮೇಲಿನ ಪದರ ಕೆರೆದುಕೊಳ್ಳಿ, ಹತ್ತು ನಿಮಿಷ ಬಿಡಿ, ಮತ್ತೆ ಕೆರೆಯಿರಿ. ಕೊನೆಗೆ ತಳದಲ್ಲಿ ಹುಳುಗಳ ಉಂಡೆ ಉಳಿಯುತ್ತದೆ, ಅದನ್ನು ಮತ್ತೆ ಹೊಸ ಹಾಸಿನಲ್ಲಿ ಬಿಡಿ. ಗೊಬ್ಬರವನ್ನು ಮೂರು ನಾಲ್ಕು ಪಾಲು ಮಣ್ಣಿಗೆ ಒಂದು ಪಾಲಿನಂತೆ ಬೆರೆಸಿ ಕರಿಬೇವಿಗೆ, ದೊಡ್ಡಪತ್ರೆಗೆ, ಮೆಣಸಿನ ಗಿಡಕ್ಕೆ ಹಾಕುತ್ತೇನೆ.

ಹುಳು ಹೆಚ್ಚಾದಾಗ ಹಂಚುವುದೂ ಕ್ರಮದ ಒಂದು ಭಾಗವೇ. ಕೆಳಗಿನ ಮನೆಯವರು ಕಳೆದ ತಿಂಗಳು ಬಿರುಕುಬಿಟ್ಟ ನೀರಿನ ಮಡಕೆಯೊಂದನ್ನು ತಂದಿಟ್ಟು ‘ಇದಾಗ್ತದಾ?’ ಅಂದರು. ಬಾಯಿ ಕಿರಿದಾಗಿತ್ತು, ಕೈ ಒಳಗೆ ಹೋಗುತ್ತಿರಲಿಲ್ಲ. ಹ್ಯಾಕ್ಸಾ ಬ್ಲೇಡಿನಿಂದ ಹೆಗಲಿನವರೆಗೆ ಕೊಯ್ದು ತೆಗೆದೆವು. ರಟ್ಟು ಅವರದು, ಸಗಣಿ ಹಾಲಿನವರ ಕೊಟ್ಟಿಗೆಯದು, ಹುಳು ನಮ್ಮ ಟಬ್ಬಿನದು. ಅವರ ಮನೆಯಲ್ಲಿ ಸಂಜೆ ಬಿಸಿಲು ನೇರ ಬಾಲ್ಕನಿಗೆ ಬೀಳುತ್ತದೆ, ಹಾಗಾಗಿ ಮಡಕೆಯನ್ನು ಮೆಟ್ಟಿಲ ಕೆಳಗಿನ ನೆರಳಿನಲ್ಲಿ ಇಟ್ಟಿದ್ದೇವೆ. ಯಾರಿಗಾದರೂ ಹುಳು ಬೇಕಿದ್ದರೆ ಬೆಳಗಿನ ಹೊತ್ತು, ತಂಪಿರುವಾಗ ಬನ್ನಿ. ಬಟ್ಟೆಯ ಚೀಲ ತನ್ನಿ, ಹಾಸು ಮೊದಲೇ ನೆನೆಸಿಟ್ಟು ಬಂದಿರಿ.